ನೋ ಗ್ರ್ಯಾಂಡ್

ಆಗ ನನಗೆ ಅರವತ್ತೊಂಬತ್ತು. ಇದಾಗಿ ಮೂರು ವರ್ಷವಾಯಿತು. ಮಗಳು ಸುಧಾ ಐರ್ಲೆಂಡಿನ ನೇಸ್‌ನಲ್ಲಿ ಡಾಕ್ಟರು. ಬೇಸಿಗೆ ಕಳೆಯಲು ಅವಳ ಮನೆಗೆ ಹೋಗಿದ್ದೆ.

ಮನೆ ಇದ್ದದ್ದು ನೇಸ್ ಹತ್ತಿರದ ಒಂದು ಹಳೇ ಪುಟ್ಟ ಊರಿನಲ್ಲಿ. ಬೀದಿ ತುದಿಗೆ ಒಂದು ಪಾಳುಬಿದ್ದ ಕೋಟೆ, ಅದರ ಫೋಟೋ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಊರಾಚೆಯ ಹೊಸ ಮನೆಗಳಲ್ಲಿ ಪೋಲೆಂಡಿನವರು, ಕೇರಳದ ನರ್ಸುಗಳು, ನಮ್ಮ ಬೆಂಗಳೂರಿನ ಕಂಪ್ಯೂಟರಿನವರು, ಅವರ ಮಕ್ಕಳ ಗಲಾಟೆ. ನಮ್ಮ ಹಳೇ ಬೀದಿಯಲ್ಲಿ ಮಾತ್ರ ಬರೀ ಮುದುಕರು.

ಪಕ್ಕದ ಮನೆಯ ಬ್ರೈಡಿಗೆ ಎಂಬತ್ತು ದಾಟಿತ್ತು. ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಗೋಡೆ ಮೇಲಿಂದ ನಾನು ಚಕ್ಕುಲಿ ಕೊಟ್ಟರೆ ಅವಳು ಬ್ರೆಡ್ಡು ಕೊಡುವಳು, ಅಷ್ಟೇ ನಮ್ಮ ಸ್ನೇಹ.

ಒಂದು ಬೆಳಗ್ಗೆ ಬಾಗಿಲಲ್ಲಿ ಕೂತು ಹುರುಳಿಕಾಯಿ ಮುರಿಯುತ್ತಿದ್ದೆ. ಬ್ರೈಡಿ ಅವಳ ಮೆಟ್ಟಿಲ ಮೇಲೆ ಕೂತಿದ್ದಳು. ಕೈಲಿದ್ದ ಕಪ್ ಮಗುಚಿ ಟೀ ಎಲ್ಲ ಲಂಗದ ಮೇಲೆ. ಒರೆಸಿಕೊಳ್ಳಲೂ ಇಲ್ಲ. ಪೋಸ್ಟಿನವನು ಬಂದು ಏನೋ ಕೇಳಿದ. ಅವಳು "ಗ್ರ್ಯಾಂಡ್, ಗ್ರ್ಯಾಂಡ್" ಅಂದಳು. ಅವನು ಹೋದ. ಚರ್ಚಿಗೆ ಹೊರಟ ಹೆಂಗಸು ಕೇಳಿದಳು. ಅದೇ ಉತ್ತರ. ಅವಳೂ ಹೋದಳು.

ನಮ್ಮ ಕಡೆ ಗ್ರ್ಯಾಂಡ್ ಅಂದರೆ ಮದುವೆ. ಗ್ರ್ಯಾಂಡ್ ಊಟ, ಗ್ರ್ಯಾಂಡ್ ಸೀರೆ. ಒದ್ದೆ ಲಂಗದಲ್ಲಿ ಕೂತು ಯಾರ ಮದುವೆ ಹೊಗಳುತ್ತಿದ್ದಾಳೆ, ಇವಳಿಗೆ ತಲೆ ಕೆಟ್ಟಿದೆ ಅಂತ ಆಸ್ಪತ್ರೆಯಲ್ಲಿದ್ದ ಸುಧಾಗೆ ಫೋನ್ ಮಾಡಿದೆ. ಅವಳು ನಕ್ಕಳು.

"ಅಮ್ಮ, ಇಲ್ಲಿ ಗ್ರ್ಯಾಂಡ್ ಅಂದ್ರೆ ಚೆನ್ನಾಗಿದೀನಿ ಅಂತ. ನೀನು ಸುಮ್ನೆ ಒಳಗೆ ಹೋಗು."

"ಚೆನ್ನಾಗಿರೋಳು ಬಿಸಿ ಟೀ ಮೈಮೇಲೆ ಚೆಲ್ಕೊಂಡು ಹಂಗೇ ಕೂತಿರ್ತಾಳೇನೆ, ಡಾಕ್ಟ್ರಮ್ಮ?"

ನಗು ನಿಂತಿತು. ಎರಡೂ ಕೈ ಎತ್ತಿಸಿ ನೋಡು ಅಂದಳು. ನಾನು ಬ್ರೈಡಿ ಎದುರು ನಿಂತು, ಪೊಲೀಸರಿಗೆ ಸಿಕ್ಕಿಬಿದ್ದವಳ ಹಾಗೆ ಎರಡೂ ಕೈ ಮೇಲೆತ್ತಿ ತೋರಿಸಿದೆ. ಅವಳ ಬಲಗೈ ಎದ್ದಿತು. ಎಡಗೈ ತೊಡೆ ಮೇಲೆ ಬಿದ್ದೇ ಇತ್ತು.

ಸುಧಾ ಅಲ್ಲಿಂದಲೇ ಆಂಬುಲೆನ್ಸ್ ಕಳಿಸಿದಳು. ಬಂದವರು ಎತ್ತಲು ಹೋದರೆ ಈ ಮುದುಕಿ ಬರಲು ತಯಾರಿಲ್ಲ. ಬಲಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಗ್ರ್ಯಾಂಡ್ ಗ್ರ್ಯಾಂಡ್ ಅಂತ ಅದೇ ರಾಗ. ಅವರು ನಯವಾಗಿ ಪುಸಲಾಯಿಸುತ್ತಿದ್ದರು. ನನಗೆ ನಯ ಬರುವುದಿಲ್ಲ. ಅವಳ ಬೆರಳು ಒಂದೊಂದೇ ಬಿಡಿಸತೊಡಗಿದೆ.

"ನೋ ಗ್ರ್ಯಾಂಡ್," ಅಂದೆ. "ಬ್ರೈಡಿ, ನೋ ಗ್ರ್ಯಾಂಡ್."

ಅವಳು ನನ್ನ ಮುಖವನ್ನೇ ನೋಡಿದಳು. ಕೈ ಸಡಿಲ ಬಿಟ್ಟಳು.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಹೊತ್ತಿಗೆ ಸರಿಯಾಗಿ ಔಷಧ ಬಿತ್ತು, ಬದುಕಿದಳು ಅಂತ ಸಂಜೆ ಸುಧಾ ಹೇಳಿದಳು. ನಿನಗೆ ಇಂಗ್ಲಿಷ್ ಬರದೇ ಇದ್ದದ್ದೇ ಒಳ್ಳೆಯದಾಯಿತು ಎಂದೂ ಸೇರಿಸಿದಳು. ಈಗ ಬ್ರೈಡಿ ಕೋಲು ಹಿಡಿದು ಕೋಟೆಯವರೆಗೂ ನಡೆಯುತ್ತಾಳಂತೆ. ಒಳ್ಳೆಯ ಜನ ಅವರು, ಸುಳ್ಳಿಲ್ಲ. ಆದರೆ ಮೈ ಬಗ್ಗೆ ಕೇಳಿದಾಗ ಅವರ ಬಾಯಿಯನ್ನು ನಂಬಬಾರದು.

ಬ್ರೈಡಿಯನ್ನು ಆಸ್ಪತ್ರೆಗೆ ಒಯ್ದ ಮರುದಿನ ಬೆಳಗ್ಗೆ ತಿಂಡಿ ತಿಂದು, ಸೀರೆ ಮೇಲೆ ಸ್ವೆಟರ್ ಏರಿಸಿಕೊಂಡು, ನಮ್ಮ ಬೀದಿಯ ಒಂದೊಂದೇ ಬಾಗಿಲು ತಟ್ಟಿದೆ. ತೆಗೆದವರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳದೆ ನನ್ನ ಎರಡೂ ಕೈ ಎತ್ತಿ ನಿಂತೆ. ಅವರೂ ಎರಡೂ ಕೈ ಎತ್ತುವ ತನಕ ಹೊಸ್ತಿಲಿಂದ ಕದಲಲಿಲ್ಲ.