ದರ್ಜಿಯ ತಂಗಳು

ನಮ್ಮ ಎದುರುಮನೆ ದರ್ಜಿಯ ಅಜ್ಜ ಹಳೆಯ ಸಾರನ್ನೇ ಮೂರು ಸಲ ಕುದಿಸಿ ನೆಂಟರಿಗೆ ಬಡಿಸಿದ ಮಹಾನುಭಾವ. ಅಪ್ಪ ಸೀದ ತಳವನ್ನೂ ಕೆರೆದು ತಿಂದು ಹೆಸರಾದವನು. ಇವನು ಇಬ್ಬರನ್ನೂ ಮೀರಿಸಿದ. ಚಳಿ ಶುರುವಾಯಿತೆಂದರೆ ಇವನ ಕಿಟಕಿಯ ಹೊರಗೆ ಐದಾರು ಡಬ್ಬಿಗಳು ಸಾಲಾಗಿ ಕೂರುತ್ತವೆ. ಸೋಮವಾರದ ಬೇಳೆ ಗುರುವಾರದ ಅನ್ನದೊಂದಿಗೆ ಸಂಸಾರ ಹೂಡುತ್ತದೆ. ಬಟ್ಟಲನ್ನು ದಾರಿಹೋಕರ ಮೂಗಿಗೆ ಹಿಡಿದು, "ವಾಸನೆ ಬಂತಾ, ಹೇಳಿ?" ಎನ್ನುತ್ತಾನೆ. ಜ್ವರ ಬಂದು ಮೂಗು ಸತ್ತವನು ಇನ್ನೇನು ಮಾಡಿಯಾನು! ಮೊನ್ನೆ ಸಂಜೆ ಬಿಸಿ ಊಟ ಹಿಡಿದು ಹೋದೆ. ಆ ಜಿಪುಣ ಡಬ್ಬಿಯ ತಂಗಳನ್ನು ತಾನು ನಾಲ್ಕು ತುತ್ತು ತಿಂದು, ಹೊಟ್ಟೆಯ ಮೇಲೆ ಕೈಯಿಟ್ಟು ಗಡಿಯಾರ ನೋಡುತ್ತಿದ್ದ. ಹಾಸಿಗೆ ಹಿಡಿದ ಅಕ್ಕನ ತಟ್ಟೆಯನ್ನು ಇನ್ನೂ ಮುಚ್ಚಿಟ್ಟಿದ್ದ. "ನಿಮ್ಮ ಊಟ ತಗೊಂಡು ಹೋಗಿ ಯಜಮಾನ್ರೇ," ಎಂದ. "ಅಕ್ಕನಿಗೆ ಏನು ತಿನ್ನಿಸಬಹುದು ಅಂತ ಇನ್ನೊಂದು ಗಂಟೇಲಿ ನನ್ನ ಹೊಟ್ಟೇನೇ ಹೇಳುತ್ತೆ."