ಸ್ಕ್ರೂ ತೂತು ಮುಚ್ಚಿ ಅವ್ವನ ತವರಿಗೆ

ಶನಿವಾರ ಬೆಳಿಗ್ಗೆ ಬನಹಟ್ಟಿ ಬಿಡುವಾಗ ನಮ್ಮ ಓಣಿಯ ಮಗ್ಗಗಳು ಆಗಲೇ ಖಟಪಟ ಶುರು ಮಾಡಿದ್ದವು. ನೆರೆಮನೆಯ ಸಿದ್ದಪ್ಪ ಕಾಕಾನ ಮೂರು ಗಾಲಿಯ ಟಂಟಂ ಹಿಂದೆ ನನ್ನ ಪ್ಯಾಡಲ್‌ಬೋರ್ಡ್ ಇತ್ತು. ಅದಕ್ಕೆ ಪೆಟ್ಟು ಬೀಳದಂತೆ ಕೆಳಗೆ ಮಗ್ಗದಡಿ ಉದುರುವ ಅರಳೆ ತುಂಬಿದ ಚೀಲ, ಪಕ್ಕದಲ್ಲಿ ಅವ್ವ. ಪ್ಯಾಡಲ್‌ಬೋರ್ಡ್ ಅಂದರೆ ಮೇಲೆ ನಿಂತು ಹುಟ್ಟು ಹಾಕುವ, ಹತ್ತು ಅಡಿ ಉದ್ದದ ತೇಲುವ ಹಲಗೆ. ಹೊರಗೆ ಫೈಬರ್, ಒಳಗೆ ಥರ್ಮಾಕೋಲ್. ಗೋವಾದವರೊಬ್ಬರಿಂದ ಹಳೆಯದನ್ನು ತಂದು, ಮೊಬೈಲ್ ನೋಡಿ ಕಲಿತಿದ್ದೆ. ತಂದ ದಿನವೇ ಅವ್ವ ಕೇಳಿದ್ದಳು, "ಇದರ ಮ್ಯಾಲ ನನ್ನ ತವರಮನಿಗೆ ಒಯ್ತಿ ಏನ?"

ಅವ್ವನ ತವರೂರು ಬೀಳಗಿ ಕಡೆ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ಊರು ಖಾಲಿ ಮಾಡುವಾಗ ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಆಮೇಲೆ ದಂಡೆಯವರೆಗೆ ಎಷ್ಟೋ ಸಲ ಹೋಗಿದ್ದಾಳೆ, ನೀರು ನೋಡಿ ಬಂದಿದ್ದಾಳೆ. ಒಯ್ಯುತ್ತೇನೆ ಅಂದುಬಿಟ್ಟಿದ್ದೆ. ನಾನು ಕೆಲಸ ಮಾಡುವ ಮಗ್ಗದ ಮಾಲೀಕರು ಎರಡು ದಿನ ರಜೆ ಕೊಟ್ಟಿದ್ದರು. ಮುಂದೆ ಮದುವೆ ಸೀರೆಗಳ ಕಾಲ, ರಜೆಯ ಮಾತೇ ಇಲ್ಲ.

ಸ್ವಲ್ಪ ಸುತ್ತಾದರೂ ಮೊದಲು ಚಿಕ್ಕಪಡಸಲಗಿಗೆ ಹೋಗಿ, ಬ್ಯಾರೇಜಿನಿಂದ ದೂರ ನಿಂತ ನೀರಿನಲ್ಲಿ ಒಮ್ಮೆ ತೇಲಿಸಿ ನೋಡಿದೆ. ಒಂದು ಸುತ್ತು ಹಾಕುವಷ್ಟರಲ್ಲಿ ಹಲಗೆಯ ಹಿಂಭಾಗ ತಗ್ಗಿತು. ದಂಡೆಗೆ ಎಳೆದು ಮಗುಚಿದಾಗ ಗೊತ್ತಾಯಿತು. ಹಲಗೆ ನೇರ ಸಾಗಲೆಂದು ಕೆಳಗಿರುವ ರೆಕ್ಕೆಯನ್ನು ಹಿಡಿದಿರುವ ಸ್ಕ್ರೂ ಸಡಿಲಾಗಿ, ಅದರ ತೂತಿನಿಂದ ನೀರು ಗುಳ್ಳೆ ಗುಳ್ಳೆಯಾಗಿ ಹೊರಬರುತ್ತಿತ್ತು.

"ಇಷ್ಟ ಸಣ್ಣ ತೂತಿಗೆ ಮುಳಗತೈತೇನ?" ಅಂದ ಕಾಕಾ.

ಅವ್ವ ನೀರು ನೋಡುತ್ತ ಅಂದಳು, "ಊರು ಮುಳಗೇತಿ, ಹಲಗಿ ಏನ ದೊಡ್ಡದು."

ಜಮಖಂಡಿಗೆ ಮರಳಿದೆವು, ದುರಸ್ತಿಗೆ ಚಿಕ್ಕಮ್ಮನ ಮನೆಯ ಬಿಸಿಲು ಬೀಳುವ ಮಾಳಿಗೆ ಸಿಕ್ಕಿತು. ತೂತು ಕೆಳಗಾಗುವಂತೆ ಹಲಗೆಯನ್ನು ಓರೆ ನಿಲ್ಲಿಸಿ ಪೇಟೆಗೆ ಓಡಿದೆ. ಅಂಗಡಿಯವರು ಕಾರಿನ ಬಂಪರಿಗೆ ಹಾಕುವ ರಾಳ ಕೊಟ್ಟರು. ಪುಣ್ಯಕ್ಕೆ ಮೊದಲು ಥರ್ಮಾಕೋಲ್ ಚೂರಿನ ಮೇಲೆ ಒಂದು ಹನಿ ಬಿಟ್ಟು ನೋಡಿದೆ, ಚೂರು ಕರಗಿಹೋಯಿತು. ಮತ್ತೆ ಹೋಗಿ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಅಂಟು ತಂದೆ.

ಮಧ್ಯಾಹ್ನಕ್ಕೆ ನೀರು ತೊಟ್ಟಿಕ್ಕುವುದು ನಿಂತಿತು. ಪೂರ್ತಿ ಒಣಗಲು ವಾರ ಬೇಕು, ನಮಗೆ ಅಷ್ಟು ದಿನ ಎಲ್ಲಿದೆ? ಸಡಿಲಾದ ತೂತನ್ನು ಡ್ರಿಲ್ಲಿನಿಂದ ಅಗಲ ಮಾಡಿ ಎಪಾಕ್ಸಿ ತುಂಬಿದೆ. ತುಂಬಿದ್ದೆಲ್ಲ ಗುಳ್ಳೆಯಾಗಿ ಹೊರಗೆ ಬಂತು.

"ಹಾಲು ಉಕ್ಕಿದಂಗ ಉಕ್ಕಾಕತ್ತೈತಲ್ಲ," ಅಂದಳು ಅವ್ವ.

"ನಿನ್ನ ಮೊಬೈಲ್ ಮಾಸ್ತರ ಇದನ್ನ ಹೇಳಲಿಲ್ಲೇನ?" ಅಂತ ಕಾಕಾ ನಕ್ಕ.

ಹೇಳಿದ್ದರು, ಅವಸರದಲ್ಲಿ ನಾನೇ ಮರೆತಿದ್ದೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಎಲ್ಲವನ್ನೂ ಹೊರಗೆ ದಬ್ಬುತ್ತದೆ. ಹಲಗೆ ತಣ್ಣಗಾಗುವ ಹೊತ್ತಿಗೆ ತುಂಬಿದರೆ ತೂತು ತಾನೇ ಒಳಗೆ ಎಳೆದುಕೊಳ್ಳುತ್ತದೆ. ತೂತು ಒರೆಸಿ, ಹೊತ್ತು ಇಳಿಯುವವರೆಗೆ ಕಾದೆವು. ಎಪಾಕ್ಸಿ ತೀರ ನೀರಾಗಿತ್ತು. ಚೀಲದ ಅರಳೆ ಬೆರೆಸಿದರೆ ಗಟ್ಟಿಯಾಗುತ್ತದೆ ಅಂದೆ. ಅವ್ವ ಒಂದು ಹಿಡಿ ತೆಗೆದು, ಅದರೊಳಗಿನ ರೇಷ್ಮೆ ಎಳೆ, ಜರಿ ಎಲ್ಲ ಆರಿಸಿ ಬರೀ ನವಿರಾದ ಹತ್ತಿ ಕೊಟ್ಟಳು. ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ ತುಂಬಿದೆ. ಈ ಸಲ ಮೇಲೆ ಒಂದು ಸಣ್ಣ ಕುಳಿ ಬಿತ್ತು. ಎಳೆದುಕೊಂಡಿತ್ತು. ಮೇಲೆ ಇನ್ನಷ್ಟು ತುಂಬಿ ಬಿಟ್ಟೆ.

ಬೆಳಿಗ್ಗೆ ಅದು ಕಲ್ಲಾಗಿತ್ತು. ನಡುವೆ ಹೊಸ ತೂತು ಕೊರೆದು ಸ್ಕ್ರೂ ಬಿಗಿದೆ. ಬೀಳಗಿ ದಾರಿಯಲ್ಲಿ ಉದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಟಂಟಂ ತೆವಳಿಕೊಂಡು ಹೋಯಿತು. ತಿಂಡಿಗೆ ಸಜ್ಜಿರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ. ಅವ್ವ ಒಂದು ತುತ್ತೂ ಮುಟ್ಟಲಿಲ್ಲ.

ದಂಡೆಯಲ್ಲಿ ಇಳಕಲ್ ಸೀರೆಯ ಮೇಲೆ ಲೈಫ್ ಜಾಕೆಟ್ ಕಟ್ಟಿಸಿಕೊಂಡ ಅವ್ವನನ್ನು ನೋಡಿ ಕಾಕಾ ಅಂದ, "ತವರಿಗೆ ಹೊಂಟಾಕಿ ಬರಿಗೈಲೆ ಹೊಂಟಿಯಲ್ಲ ತಂಗಿ."

"ಯಾರದಾರ ಅಲ್ಲಿ ಇಸ್ಕೊಳ್ಳಾಕ?" ಅಂದಳು ಅವ್ವ.

ಅವಳನ್ನು ಮುಂದೆ ಕೂರಿಸಿ, ಹಿಂದೆ ಮೊಣಕಾಲೂರಿ ಹುಟ್ಟು ಹಾಕಿದೆ. ಹಲಗೆ ಹಗುರಾಗಿ ಸಾಗಿತು, ಹಿಂಭಾಗ ತಗ್ಗಲಿಲ್ಲ. ಅವ್ವ ಎರಡು ಗುಡ್ಡಗಳ ಅಂದಾಜು ಹಿಡಿದು ದಾರಿ ತೋರಿಸಿದಳು. ನೀರಿನ ಮೇಲೆ ಏನೂ ಇರಲಿಲ್ಲ.

"ಇದು ಊರ ಅಗಸಿ," ಅಂದಳು, ಊರೊಳಗೆ ಹೋಗುವ ದೊಡ್ಡ ಬಾಗಿಲು. ನಾನು ಹುಟ್ಟು ಎತ್ತಿದೆ. ಗಾಳಿ ನಮ್ಮನ್ನು ಮೆಲ್ಲಗೆ ತಳ್ಳಿತು. "ಇದು ಬಡಿಗ್ಯಾರ ಮನಿ. ಇದು ಸಿಹಿನೀರ ಬಾವಿ." ಆಮೇಲೆ ಬಗ್ಗಿ ಮೊಣಕೈವರೆಗೆ ಕೈ ಇಳಿಬಿಟ್ಟಳು. "ನಮ್ಮ ಅಂಗಳ. ನಿಂದರಸು."

"ಇದು ನಿಂದರೂದಿಲ್ಲ ಯವ್ವಾ, ಗಾಳಿ ಐತಿ."

ಅಂಗಳ ದಾಟಿತು. "ಇರಲಿ ಬಿಡು," ಅಂದಳು. "ಊರ ಬಿಡೂ ದಿನ ಸಾಮಾನ ಹೇರಿದ ಟ್ರ್ಯಾಕ್ಟರನೂ ನಿಂದರಲಿಲ್ಲ."

ನಾನು ಹಲಗೆ ತಿರುಗಿಸಿ, ಗಾಳಿಗೆ ಎದುರಾಗಿ ರಟ್ಟೆ ಸೋಲುವಂತೆ ಹುಟ್ಟು ಹಾಕಿದೆ. ಅಗಸಿ ಅಂದಿದ್ದ ಜಾಗಕ್ಕೆ ಬಂದು ಮತ್ತೆ ಹುಟ್ಟು ಎತ್ತಿದೆ. ಗಾಳಿ ನಮ್ಮನ್ನು ಇನ್ನೊಮ್ಮೆ ಆ ಓಣಿಯೊಳಗೆ ಒಯ್ದಿತು. ಈ ಸಲ ಅವ್ವ ಅಗಸಿಯಲ್ಲೇ ಬಗ್ಗಿ ನೀರಿಗೆ ಕೈ ಇಳಿಬಿಟ್ಟು, ಅಂಗಳ ದಾಟುವವರೆಗೂ ತೆಗೆಯಲಿಲ್ಲ.