ಮಾಸ್ತರನ ದವಡೆ

ಮೊನ್ನೆ ಮೊಮ್ಮಗನ ಹೆಂಡತಿ ಪೇಟೆಯಿಂದ ಒಣಗಿಸಿದ ಕಟಕ ರೊಟ್ಟಿಯ ಕಟ್ಟು ತಂದಳು. ಜೊತೆಗೆ ಗುರೆಳ್ಳು ಚಟ್ನಿ. ಹಾಳೆ ಬಿಚ್ಚಿದ ಕೂಡಲೇ ಹುರಿದ ಗುರೆಳ್ಳು, ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿಯಿತು. ಇಂಥ ವಾಸನೆಗೆ ಬೇರೆಯವರಿಗೆ ತವರು ನೆನಪಾಗುತ್ತದಂತೆ. ನನಗೆ ನೆನಪಾದದ್ದು ಒಬ್ಬ ಮಾಸ್ತರನ ದವಡೆ.

ಆಗ ನಾವು ಮುನವಳ್ಳಿಯಲ್ಲಿದ್ದೆವು. ನವಿಲುತೀರ್ಥದ ಕಾಲುವೆ ನೀರು ಹೊಲಗಳಿಗೆ ಬರತೊಡಗಿದ್ದ ಹೊಸತು. ನನ್ನ ಮೊದಲ ಕೂಸು ಇನ್ನೂ ಮೊಲೆ ಕುಡಿಯುತ್ತಿತ್ತು. ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಆ ಸಾಲಿ ಮಾಸ್ತರ ಇದ್ದ. ಹೆಂಡತಿ ಮಕ್ಕಳು ಸಾಲಹಳ್ಳಿಯಲ್ಲಿ, ಊಟ ನಮ್ಮಲ್ಲಿ. ಕಲಿತವನಿಗೆ ಅನ್ನ ಹಾಕಿದರೆ ಪುಣ್ಯ ಎಂದು ನನ್ನ ಮಾವ ನಂಬಿದ್ದರು. ಪುಣ್ಯ ಅವರ ಪಾಲಿಗೆ ಹೋಯಿತು, ರೊಟ್ಟಿ ಬಡಿಯುವುದು ನಮ್ಮ ಪಾಲಿಗೆ ಬಂತು. ಆಗ ನಾನೂ ‘ಮಾಸ್ತರರು’ ಎನ್ನುತ್ತಿದ್ದೆ. ಈಗ ಹಲ್ಲಿನ ಜೊತೆ ಆ ಗೌರವವೂ ಉದುರಿದೆ.

ಕೆಟ್ಟವನೇನಲ್ಲ. ಕೆಟ್ಟವನಾಗಲಿಕ್ಕೂ ಸ್ವಲ್ಪ ಬುದ್ಧಿ ಬೇಕು. ಅವನಿಗೆ ಇದ್ದದ್ದು ಒಂದೇ ಹುಚ್ಚು, ಅಗಿಯುವುದು. ಬಾಯಲ್ಲಿ ನೀರಾಗುವ ತನಕ ತುತ್ತು ನುಂಗುತ್ತಿರಲಿಲ್ಲ. ನುಂಗಿದ ಮೇಲೆ ಕೈ ತಡೆದು ಪಾಠ ಹೇಳುತ್ತಿದ್ದ.

“ಮುಂದಿನ ಹಲ್ಲು ಕತ್ತರಸ್ತಾವು, ಕ್ವಾರಿ ಹಲ್ಲು ಹರೀತಾವು, ದವಡಿ ಹಲ್ಲು ಬೀಸ್ತಾವು. ತುತ್ತು ಜಾರಿ ಹೋಗಬಾರದಂತ ನಾಲಿಗಿ ಒಳಗಿಂದ ನೂಕತೈತಿ, ಗಲ್ಲ ಹೊರಗಿಂದ ನೂಕತೈತಿ. ಹೊಟ್ಟಿಯೊಳಗ ಹಲ್ಲಿಲ್ರಿ, ಯಜಮಾನ್ರ.”

ಆಮೇಲೆ ಮಾವನಿಗೆ, “ಕಣತಲಿ ಮ್ಯಾಲೆ ಬೆರಳಿಟ್ಟು ಹಲ್ಲು ಕಚ್ಚರಿ. ಉಬ್ಬಿತಿಲ್ರಿ? ದವಡಿ ಎತ್ತೂ ಸ್ನಾಯು ಅದ” ಎನ್ನುತ್ತಿದ್ದ. ಹೋರಿಯ ಕೊಂಬು ಹಿಡಿದು ಮಣಿಸುವ ನನ್ನ ಮಾವ, ಸಾಲಿ ಹುಡುಗನ ಹಾಗೆ ಕಣತಲೆ ಮುಟ್ಟಿಕೊಂಡು ಕೂಡುತ್ತಿದ್ದರು. ಪಕ್ಕದಲ್ಲಿ ನನ್ನ ಗಂಡನೂ. ಅಡಿಗೆ ಮನೆಯ ಬಾಗಿಲಲ್ಲಿ ನಿಂತು ನಾನೂ ಮುಟ್ಟಿ ನೋಡಿದೆ. ಬಾಯಿ ಖಾಲಿ ಇತ್ತು, ಆದರೂ ಉಬ್ಬಿತು...

ಬಾಯಿ ಎಂದರೆ ಬೀಸುಕಲ್ಲು ಎಂದೂ ಹೇಳುತ್ತಿದ್ದ. ನಸುಕಿನಲ್ಲಿ ಎದ್ದು ಬೀಸುತ್ತಿದ್ದವಳು ನಾನು. ಬೀಸುಕಲ್ಲಿನಲ್ಲಿ ತಿರುಗುವುದು ಮೇಲಿನ ಕಲ್ಲು, ಬಾಯಲ್ಲಿ ಆಡುವುದು ಕೆಳಗಿನ ದವಡೆ. ಇಷ್ಟು ನೋಡದವನು ಊರ ಮಕ್ಕಳಿಗೆಲ್ಲ ಪಾಠ ಹೇಳುತ್ತಿದ್ದ.

ಆಗಿನ ಮನೆಗಳಲ್ಲಿ ಗಂಡಸರು ಎದ್ದು ಕೈ ತೊಳೆದ ಮೇಲೆಯೇ ಹೆಂಗಸರ ಊಟ. ಹೊರಗಿನವನು ಸಾಲಿನಲ್ಲಿ ಕುಂತಿದ್ದರೆ, ಅವನು ಏಳುವ ತನಕ ಮನೆಯ ಗಂಡಸರೂ ಏಳುವಂತಿಲ್ಲ. ಹೀಗಾಗಿ ಗೂಟಕ್ಕೆ ದನ ಕಟ್ಟಿದಂತೆ ಇಡೀ ಮನೆ ಅವನೊಬ್ಬನ ದವಡೆಗೆ ಕಟ್ಟಿಕೊಂಡಿತ್ತು. ಮಾವ, ಗಂಡ ಗಬಗಬ ಉಂಡು, ಒಣಗಿದ ಎಂಜಲು ಕೈಯಲ್ಲಿ ಕೂಡುತ್ತಿದ್ದರು. ಒಳಗೆ ಅತ್ತೆ ಮತ್ತು ನಾನು ಹಸಿದು ನಿಲ್ಲುತ್ತಿದ್ದೆವು. ಅತ್ತೆ ಭಕ್ತಿಯಿಂದ ಹಸಿದಿದ್ದಳು. ನನ್ನ ಮೊಲೆಗೆ ಭಕ್ತಿ ತಿಳಿಯುತ್ತಿರಲಿಲ್ಲ. ಕೂಸು ಜಗ್ಗಿ ಜಗ್ಗಿ ಸೋತು ಅಳುತ್ತಿತ್ತು. ಅದರ ತೊಡೆಯ ಚರ್ಮ ಸಡಿಲಾಗಿ ಜೋಲುತ್ತಿತ್ತು.

ಒಂದು ದಿನ ಕೂಸು ಅತ್ತು ಅತ್ತು ಅದರ ದನಿಯೇ ಬಿದ್ದುಹೋಯಿತು. ಹೊರಗೆ ಮಾಸ್ತರ ಕಣ್ಣು ಮುಚ್ಚಿ ಅಗಿಯುತ್ತಿದ್ದ. ನಾನು ಬುಟ್ಟಿಯಿಂದ ಒಣ ರೊಟ್ಟಿ ತೆಗೆದು, ಗುರೆಳ್ಳು ಚಟ್ನಿ ಸವರಿಕೊಂಡು, ಪಡಸಾಲೆಯ ಬಾಗಿಲಿಗೆ ಬಂದು ನಿಂತು ಕಡಿದೆ. ಅತ್ತೆ ಹಿಂದಿನಿಂದ ಸೆರಗು ಜಗ್ಗಿದಳು.

“ಮಾನಗೇಡಿ, ಮಾಸ್ತರರ ಊಟ ಮುಗದಿಲ್ಲಿನ್ನ.”

“ಅವರ ಊಟ ಮುಗಿಯೂದ್ರಾಗ ನನ್ನ ಕೂಸು ಮುಗೀತೈತ್ರಿ, ಅತ್ತೀ.”

ಮಾಸ್ತರ ಕಣ್ಣು ತೆರೆದ. ತುತ್ತು ಬಾಯಲ್ಲಿ ಇದ್ದಾಗ ಅವನ ದವಡೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಿಮ್ಮದಿನ್ನೂ ಊಟ ಆಗಿಲ್ಲೇನು?” ಎಂದ.

ನೋಡಿ ಕಲಿತವನ ಚಂದ. ಯಾವ ಸ್ನಾಯು ಯಾವ ಎಲುಬನ್ನು ಜಗ್ಗುತ್ತದೆ ಎಂಬುದು ಗೊತ್ತು. ಬಾಗಿಲ ಹಿಂದೆ ಹಸಿದು ನಿಂತವರು ಯಾರು ಎಂಬುದು ಗೊತ್ತಿಲ್ಲ. ನಾನು ಎಲ್ಲರಿಗೂ ಕೇಳುವ ಹಾಗೆ ಕಟಕಟ ಅಗಿದೆ. ಅವನು ನನ್ನ ಬಾಯನ್ನೇ ನೋಡುತ್ತ ಕುಂತ. ಈಗ ನಾಚಿಕೆಪಡುತ್ತಾನೆ, ಎದ್ದು ಕೈ ತೊಳೆಯುತ್ತಾನೆ ಎಂದುಕೊಂಡೆ.

“ತಂಗೀ, ನೀ ಬರೇ ಬಲಗಡಿ ದವಡಿಲೆ ಅಗಿಯಾಕ್ಹತ್ತಿ” ಎಂದ. “ಎರಡೂ ಕಡಿ ಅಗೀಬೇಕವಾ. ಇಲ್ಲಂದ್ರ ಒಂದ ಕಡಿ ಹಲ್ಲು ಸವೀತಾವು.”

ಗಂಡ ಟವೆಲ್ಲು ಬಾಯಿಗೆ ಒತ್ತಿ ನಕ್ಕ. ಮಾವ ನಗಲಿಲ್ಲ. ಮಾಸ್ತರನ ಗಂಗಾಳದಲ್ಲಿ ಇನ್ನೂ ರೊಟ್ಟಿ ಇರುವಾಗಲೇ ಎದ್ದು ಹೋಗಿ ಕೈ ತೊಳೆದುಕೊಂಡರು. ಮರುದಿನದಿಂದ ಅವನ ಗಂಗಾಳ ಅವನ ಖೋಲಿಗೇ ಹೋಯಿತು. ಅಲ್ಲಿ ಸಾಲಿ ಗಂಟೆ ಹೊಡೆಯುವ ತನಕ ಗೋಡೆಗೆ ಪಾಠ ಹೇಳಿಕೊಂಡಿರಲಿ. ಅತ್ತೆ ಬಹಳ ದಿನ ನನ್ನ ಕೂಡ ಮಾತು ಬಿಟ್ಟಿದ್ದಳು. ಆದರೆ ಹೊತ್ತಿಗೆ ಸರಿಯಾಗಿ ಬಂದು ನನ್ನ ಪಕ್ಕದಲ್ಲಿ ಉಣ್ಣಲು ಕೂಡುತ್ತಿದ್ದಳು. ನನ್ನ ಎದೆಗೆ ಹಾಲು ಇಳಿಯಿತು. ಕೂಸಿನ ತೊಡೆ ತುಂಬಿಕೊಂಡವು.

ಮಾಸ್ತರನಿಗೆ ರಾಮದುರ್ಗದ ಕಡೆ ಬದಲಿ ಆಯಿತು. ಬಹಳ ವರ್ಷದ ಮೇಲೆ ಸತ್ತ ಸುದ್ದಿ ಬಂತು. ಲಕ್ವಾ ಹೊಡೆದು ದವಡೆ ಒಂದು ಕಡೆ ಜೋತುಬಿದ್ದಿತ್ತಂತೆ. ಕೊನೆಗೆ ಗಂಜಿ ಕುಡಿಸುತ್ತಿದ್ದರಂತೆ, ಅದೂ ತುಟಿಯಂಚಿಗೆ ಸೋರುತ್ತಿತ್ತಂತೆ... ಕೇಳಿ ನಾನು ಅಳಲಿಲ್ಲ. ಅವತ್ತು ರೊಟ್ಟಿ ಮಾತ್ರ ಅರ್ಧಕ್ಕೇ ಬಿಟ್ಟೆ.

ಈಗ ನನ್ನ ಬಲಗಡೆಯ ದವಡೆ ಹಲ್ಲು ಒಂದೂ ಇಲ್ಲ. ಎಡಗಡೆ ಅಲ್ಲೊಂದು ಇಲ್ಲೊಂದು ನಿಂತಿವೆ. ಅವನು ಹೇಳಿದ್ದರಲ್ಲಿ ಅದೊಂದು ಮಾತು ಖರೆಯಾಯಿತು. ಹೇಳೋಣವೆಂದರೆ ಅವನಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.

ಮೊನ್ನೆ ಆ ಕಟಕ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಎಡಗಡೆ ಹಾಕಿಕೊಂಡು ಅಗಿಯುತ್ತ ಕುಂತಿದ್ದೆ. ಎಷ್ಟು ಹೊತ್ತಾಯಿತೋ... ತಲೆ ಎತ್ತಿದರೆ ಮೊಮ್ಮಗನ ಹೆಂಡತಿ ಕಂಬಕ್ಕೆ ಆತು ನಿಂತಿದ್ದಾಳೆ.

“ಉಂಡೇನ?” ಎಂದೆ.

“ನಿಮ್ಮದಾಗ್ಲಿ ತಡ್ರಿ, ಆಯಿ.”

“ನನ್ನದಾಗೂದ್ರಾಗ ನೀನೂ ಮುದುಕಿ ಆಗ್ತಿ. ಕುಂಡ್ರು, ಉಣ್ಣು.”

ಕುಂತಳು. ಹಸಿದಿದ್ದಳು, ಪಾಪ. ಚಟ್ನಿ ಸವರಿ ರೊಟ್ಟಿ ಕಟಕ್ಕನೆ ಕಡಿದಳು. ನೋಡಿದೆ. ಬಲಗಡೆಯಿಂದಲೇ ಅಗಿಯುತ್ತಿದ್ದಳು.

ನಾನು ಇನ್ನೊಂದು ರೊಟ್ಟಿ ಅವಳ ಕಡೆ ಸರಿಸಿದೆ.